ಬೋರ್ಡಿನಾಚೆ

ನೆಬ್ರಾಸ್ಕಾದ ಟೆಲ್ಬರ್ಟ್ ಊರಿನ ಗಡಿಯಲ್ಲಿರುವ ಜನಸಂಖ್ಯೆಯ ಬೋರ್ಡು, ರಾತ್ರಿಗೆ ಊರಿನಲ್ಲಿ ಎಷ್ಟು ಜನ ಉಳಿದಿರುತ್ತಾರೆಂದು ಬೆಳಿಗ್ಗೆಯೇ ತೋರಿಸುತ್ತದೆ. ಊರು ಹುಟ್ಟಿದಂದಿನಿಂದ ಅದು ತಪ್ಪಿದ್ದಿಲ್ಲ. ಪ್ರವಾಹದ ವರ್ಷ ಅದನ್ನು ನಂಬದೆ ಮಲಗಿದವರು ಏಳಲಿಲ್ಲ.

ಇಂದು ನಿನ್ನೆಯಷ್ಟೇ ಇತ್ತು: ೨೧೨. ಆದರೆ ಆರ್ವಿಲ್‌ನ ಮಗಳು ಲೋರ್ನಾಗೆ ಹೆರಿಗೆ ನೋವು ಶುರುವಾಗಿತ್ತು. ಒಂದು ಜೀವ ಬಂದರೆ ಒಂದು ಹೋಗಲೇಬೇಕು. ಮಗಳ ಬಿಳಿಚಿದ ಮುಖ ನೋಡಲಾಗದೆ ಆರ್ವಿಲ್ ಬಟ್ಟೆ ತುಂಬಿಕೊಂಡು ಹೊರಟ. ಊರು ಬಿಟ್ಟು ಹೋದರೂ ಲೆಕ್ಕ ಸರಿಹೋಗುತ್ತದಲ್ಲ!

ಬೋರ್ಡಿನಾಚೆ ಪಕ್ಕದ ಮನೆಯ ಮೇಬೆಲ್ ಸೂಟ್‌ಕೇಸ್ ಮೇಲೆ ಕುಳಿತಿದ್ದಳು.

"ನೀನ್ಯಾಕೆ ಬಂದೆ?" ಎಂದ ಆರ್ವಿಲ್.

"ಲೋರ್ನಾ ನಾನು ಎತ್ತಿ ಆಡಿಸಿದ ಕೂಸಲ್ವಾ?"

"ಇಬ್ಬರೂ ಹೊರಗಿದ್ರೆ ಒಂದು ಕಡಿಮೆ ಬೀಳುತ್ತೆ. ವಾಪಸ್ ಹೋಗು."

"ನೀನೇ ಹೋಗು. ನಾನಂತೂ ಹೋಗಲ್ಲ."

ಇಬ್ಬರೂ ಕದಲಲಿಲ್ಲ. ಬೋರ್ಡಿನ ಅಂಕಿಯೂ ಕದಲಲಿಲ್ಲ. ಹಾಗಾದರೆ ತಪ್ಪಿದ್ದೆಲ್ಲಿ ಎಂದು ಆರ್ವಿಲ್ ಹೆದರಿ ನಿಂತಿದ್ದಾಗ ಫೋನು ಬಡಿದುಕೊಂಡಿತು. ಅಳಿಯ ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯಲಿಲ್ಲ.

"ಮಾವಾ, ಅವಳಿ ಮಕ್ಕಳು! ಮೂವರೂ ಚೆನ್ನಾಗಿದ್ದಾರೆ. ಬೇಗ ಬನ್ನಿ!"

ಆರ್ವಿಲ್ ಊರಿನತ್ತ ಒಂದು ಹೆಜ್ಜೆ ಇಟ್ಟ. ಮೇಬೆಲ್ ಅವನ ಕೋಟು ಹಿಡಿದೆಳೆದಳು.

"ಇವತ್ತಾಗಲ್ಲಪ್ಪಾ," ಎಂದ ಆರ್ವಿಲ್. "ನಾಳೆ ಬೋರ್ಡಿನಲ್ಲಿ ನಮಗೂ ಜಾಗ ಇದ್ರೆ ಬರ್ತೀವಿ."