ಲಾಗಿನ್ ಇಲ್ಲದ ಅಕ್ಕ

ಕಂಪ್ಯೂಟರಿನ ಪ್ರಕಾರ ಕಾರ್ಖಾನೆಯ ಸ್ಟೋರಿನ ಅಕ್ಕ ಒಂಬತ್ತು ವರ್ಷಗಳಿಂದ ಯಾರಿಗೂ ಒಂದು ನಟ್ಟನ್ನೂ ಕೊಟ್ಟಿರಲಿಲ್ಲ. ಕೊರಳಲ್ಲಿ ಕಾರ್ಡು ತೂಗುಬಿಟ್ಟುಕೊಂಡಿದ್ದ ಕಂಪ್ಯೂಟರ್ ಸಲಹೆಗಾರ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿ ಅದನ್ನೇ ತೋರಿಸಿದ. ಅವಳ ಹೆಸರಿನ ಮುಂದೆ ಉದ್ದಕ್ಕೂ ಸೊನ್ನೆ.

“ಏನ್ ಮಾತಾಡ್ತೀಯಪ್ಪಾ? ನಿನ್ನೆ ಮೂರನೇ ಮೆಷಿನ್ನಿಗೆ ಬೇರಿಂಗ್ ಕೊಟ್ಟಿದ್ದು ನಿಮ್ಮಜ್ಜನಾ?”

“ಇವರು ಮೇಡಂ,” ಎಂದು ಅವನು ಇನ್ನೊಂದು ಹೆಸರಿನ ಮೇಲೆ ಬೆರಳಿಟ್ಟ. “ಇಡೀ ಕಂಪನೀಲಿ ಇಷ್ಟು ಕೆಲಸ ಮಾಡೋರು ಇನ್ನೊಬ್ರಿಲ್ಲ. ಒಂಬತ್ತು ವರ್ಷದಲ್ಲಿ ಒಂದು ರಜೆ ಇಲ್ಲ! ಒಂದ್ಸಲ ಭೇಟಿ ಮಾಡಿಸ್ತೀರಾ?”

“ಮನೇಲಿ ಮೊಮ್ಮಕ್ಕಳನ್ನ ಆಡಿಸ್ತಾ ಇದ್ದಾರೆ. ಹೋಗಿ ಮಾಡು.”

ಅದು ಹಳೆಯ ಸ್ಟೋರ್ ಸೂಪರ್‌ವೈಸರರ ಹೆಸರು. ನಿವೃತ್ತರಾಗುವ ದಿನ ಅವರು ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಅಕ್ಕನ ಕೈಗಿಟ್ಟು ಹೋಗಿದ್ದರು. ಹೊಸ ಲಾಗಿನ್ ಬೇಕೆಂದು ಅಕ್ಕ ನಾಲ್ಕು ಸಲ ಅರ್ಜಿ ಹಾಕಿದಳು, ನಾಲ್ಕೂ ಯಾವುದೋ ಮೇಜಿನ ಮೇಲೆ ಹಳದಿಯಾದವು. ಅವರ ಹೆಸರು ತೆಗೆದರೆ ಸ್ಟೋರೇ ನಿಂತುಹೋಗುತ್ತದೆಂದು, ಸಂಬಳವನ್ನಷ್ಟೇ ನಿಲ್ಲಿಸಿ, ಅವರು ನಿವೃತ್ತರಾದ ಸುದ್ದಿಯನ್ನು ಯಾರೂ ಕಂಪ್ಯೂಟರಿಗೆ ಹೇಳಲೇ ಇಲ್ಲ. ಪಂಪು ತಯಾರಿಸುವ ಆ ದೊಡ್ಡ ಕಾರ್ಖಾನೆ ಹೀಗೆ ಮನೆಯಲ್ಲಿದ್ದವರ ಹೆಸರಿನಲ್ಲಿ ಸುಸೂತ್ರವಾಗಿ ನಡೆದುಕೊಂಡು ಬಂದಿತ್ತು.

ಈಗ ಕಂಪನಿಯ ಖರೀದಿ, ಉಗ್ರಾಣ, ಹಾಜರಿ, ಸಂಬಳ ಎಲ್ಲವೂ ನೆಲಮಾಳಿಗೆಯ ಸರ್ವರು ಬಿಟ್ಟು ಕ್ಲೌಡಿಗೆ ಹೋಗುತ್ತಿತ್ತು. ಅಲ್ಲಿ ತಲೆಗಿಷ್ಟೆಂದು ಬಾಡಿಗೆ. ಒಂದು ವರ್ಷದಿಂದ ಲಾಗಿನ್ ಆಗದವರನ್ನು ಕರೆದೊಯ್ಯುವುದು ಬೇಡವೆಂದು ಮೇಲಿನವರು ತೀರ್ಮಾನಿಸಿದ್ದರು. ಪಟ್ಟಿಯಲ್ಲಿ ಇಲ್ಲದವರಿಗೆ ಕೆಲಸವೂ ಇಲ್ಲ. ಅಕ್ಕ ಲ್ಯಾಪ್‌ಟಾಪಿನ ಸೊನ್ನೆಗಳನ್ನು ಮತ್ತೊಮ್ಮೆ ನೋಡಿದಳು. ಮನೆಯಲ್ಲಿ ಬೆನ್ನು ಹಿಡಿದುಕೊಂಡು ಮಲಗಿದ ಗಂಡ, ಓದುತ್ತಿರುವ ಇಬ್ಬರು ಹೆಣ್ಣುಮಕ್ಕಳು. ದುಡಿಯುವವಳು ಇವಳೊಬ್ಬಳೇ.

ಅಷ್ಟರಲ್ಲಿ ಮ್ಯಾನೇಜರು ಬಂದರು. ಈ ಚೀಟಿಯ ಸಂಗತಿ ಅವರಿಗೆ ಮೊದಲಿನಿಂದಲೂ ಗೊತ್ತು. ಆದರೂ ಈಗಷ್ಟೇ ಕೇಳಿದವರ ಹಾಗೆ ಹುಬ್ಬೇರಿಸಿದರು.

“ಗಾಬರಿ ಬೀಳ್ಬೇಡಮ್ಮಾ. ಸುಲಭದ ದಾರಿ ಇದೆ. ಇವತ್ತಿಂದ ನೀನೇ ಅವರು. ಹೆಸರು, ನಂಬರು, ಗೇಟಿನ ಕಾರ್ಡು ಅವರದ್ದೇ ಇರ್ಲಿ, ಸಂಬಳ ಮಾತ್ರ ನಿನ್ನ ಬ್ಯಾಂಕಿಗೆ ಬರೋ ಹಾಗೆ ಮಾಡೋಣ. ಆಮೇಲೆ ನಿಧಾನಕ್ಕೆ ತಿದ್ದಿಸಿದ್ರಾಯ್ತು.”

“ಕಾರ್ಡಿನ ಫೋಟೋದಲ್ಲಿ ಮೀಸೆ ಇದೆಯಲ್ಲ ಸರ್.”

“ಗೇಟಿನವನು ಮೀಸೆ ಎಲ್ಲಿ ನೋಡ್ತಾನೆ? ಕಾರ್ಡು ಕುಂಯ್ ಅಂದ್ರೆ ಒಳಗೆ ಬಿಡ್ತಾನೆ.”

ಅಕ್ಕನಿಗೆ ಮೈಯೆಲ್ಲ ಉರಿಯಿತು. ತನ್ನ ಕೆಲಸವನ್ನು ತಾನೇ ಉಳಿಸಿಕೊಳ್ಳಲು ಇನ್ನೊಬ್ಬರ ಮೀಸೆ ಬೇಕಾಯಿತಲ್ಲ ಎಂದು ನಾಚಿಕೆಯೂ ಆಯಿತು. ಆದರೆ ಬೇಡವೆಂದು ಎದ್ದು ಹೋಗುವ ಹಾಗಿರಲಿಲ್ಲ. ಅವಳ ಹೆಸರು ತೆಗೆಯಲು ಸ್ಟೋರಿನ ಒಪ್ಪಿಗೆ ಪತ್ರ ಮುಂದೆ ಬಂದಾಗ, “ಯಾರ ಸಹಿ ಹಾಕ್ಲಿ?” ಎಂದಳು. “ಅವರದ್ದೇ,” ಎಂದರು ಮ್ಯಾನೇಜರು. ಒಂಬತ್ತು ವರ್ಷ ಸ್ಟೋರಿನ ಚೀಟಿಗಳ ಮೇಲೆ ಅದನ್ನೇ ಹಾಕಿದ ಅಭ್ಯಾಸ. ಅಕ್ಕ ಅವರಿಗಿಂತ ಚೆನ್ನಾಗಿಯೇ ಹಾಕಿದಳು.

ಸಲಹೆಗಾರ ಅವಳ ಹೆಸರನ್ನು ಅಳಿಸಿ ಗುಂಡಿ ಒತ್ತಿದ. ಕಾಲು ಗಂಟೆ ಕಳೆಯುವುದರಲ್ಲಿ ಮೇಲಿನ ಸಭಾಂಗಣದಿಂದ ಚಪ್ಪಾಳೆ ಕೇಳಿಸಿತು. ಕಂಪನಿ ಕ್ಲೌಡಿಗೆ ಹೋಗಿಯಾಗಿತ್ತು. ಅದರ ಹಿಂದೆಯೇ ಸ್ಟೋರಿನ ಪ್ರಿಂಟರು ಗರಗರ ಸದ್ದು ಮಾಡಿ ಒಂದು ಕಾಗದ ಹೊರಹಾಕಿತು.

“ನೋಡಿ ಸರ್, ಹೇಗಿದೆ ಚುರುಕು! ಹಳೇ ಸಿಸ್ಟಮ್ಮು ಯಾರ ವಯಸ್ಸೂ ನೋಡ್ತಿರ್ಲಿಲ್ಲ. ಇದು ಬಂದ ತಕ್ಷಣ ಎಲ್ಲರದ್ದೂ ನೋಡಿಬಿಟ್ಟಿದೆ,” ಎಂದು ಹಿಗ್ಗಿನಿಂದ ಕಾಗದ ಎತ್ತಿಕೊಂಡ ಸಲಹೆಗಾರನ ದನಿ ಓದುತ್ತ ಓದುತ್ತ ಸಣ್ಣಗಾಯಿತು. “ತಮಗೆ ಅರವತ್ತೊಂಬತ್ತು ವರ್ಷ ತುಂಬಿರುವುದರಿಂದ ಈ ಕ್ಷಣದಿಂದಲೇ ತಮ್ಮನ್ನು ಸೇವೆಯಿಂದ ನಿವೃತ್ತಿಗೊಳಿಸಲಾಗಿದೆ. ತಮ್ಮ ವಿಶ್ರಾಂತ ಜೀವನ ಸುಖಮಯವಾಗಿರಲಿ.”

“ಏಯ್, ಇವಳ ಹೆಸರು ವಾಪಸ್ ಹಾಕಯ್ಯಾ!” ಎಂದು ಮ್ಯಾನೇಜರು ಕೂಗಿದರು.

“ಹಾಕ್ಬಹುದು ಸರ್. ಅದಕ್ಕೆ ಸ್ಟೋರಿನವರು ಒಪ್ಪಿಗೆ ಕೊಡ್ಬೇಕು. ಸ್ಟೋರಲ್ಲಿ ಈಗ ಯಾರೂ ಇಲ್ವಲ್ಲ.”

ನಲವತ್ತನಾಲ್ಕು ವರ್ಷದ ಅಕ್ಕ ಆ ಕಾಗದವನ್ನು ಎರಡು ಸಲ ಓದಿದಳು. ಆಮೇಲೆ ಊಟದ ಡಬ್ಬಿ, ಛತ್ರಿ, ಕನ್ನಡಕ ಒಂದೊಂದಾಗಿ ಚೀಲಕ್ಕೆ ತುಂಬತೊಡಗಿದಳು. ಅದೇ ಹೊತ್ತಿಗೆ ಮ್ಯಾನೇಜರ ಫೋನು ಬಡಿದುಕೊಂಡಿತು. ಎಣ್ಣೆ ತಡೆಯುವ ರಬ್ಬರ್ ಸೀಲ್ ಒಡೆದು ಮೂರನೇ ಮೆಷಿನ್ನು ನಿಂತಿದೆ, ಎಣ್ಣೆ ನೆಲದ ತುಂಬ ಹರಿಯುತ್ತಿದೆ. ಹೊಸ ಕಂಪ್ಯೂಟರು ಸೀಲು ಇದೆ ಎಂದಷ್ಟೇ ಹೇಳಿತು, ಎಲ್ಲಿದೆಯೆಂದು ಹೇಳಲಿಲ್ಲ. ಆಳೆತ್ತರದ ನೂರಾರು ಕಪಾಟುಗಳ ನಡುವೆ ಮ್ಯಾನೇಜರು ಒಂದು ಸುತ್ತು ಓಡಿ, ಬೆವರುತ್ತ ಬಂದರು. ಅಕ್ಕನ ಮುಖ ನೋಡುವ ಧೈರ್ಯವಾಗದೆ ಹಳೆಯ ಸೂಪರ್‌ವೈಸರರಿಗೇ ಫೋನು ಹಚ್ಚಿ, ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟರು.

ಫೋನಿನೊಳಗಿಂದ ಮುದುಕರ ಗಟ್ಟಿ ದನಿ ಇಡೀ ಸ್ಟೋರಿಗೆ ಕೇಳಿಸಿತು. “ಸೀಲಾ? ಅಯ್ಯೋ, ನನಗೇನ್ರೀ ಗೊತ್ತು! ನಾನಿದ್ದಾಗ್ಲೂ ಎಲ್ಲ ಅವಳನ್ನೇ ಕೇಳ್ತಿದ್ದೆ. ಅಲ್ಲೇ ಇರ್ಬೇಕಲ್ಲ, ಅವಳನ್ನ ಕೇಳಿ.”

ಮ್ಯಾನೇಜರು ಫೋನು ಕಟ್ ಮಾಡಿದರು. ಅಕ್ಕ ಚೀಲವನ್ನು ಹೆಗಲಿಗೇರಿಸಿಕೊಂಡು ಅವರ ಎದುರೇ ಬಂದು ನಿಂತಳು.

“ಯಾರನ್ನ ಕೇಳ್ಬೇಕಂತೆ, ಸರ್?”