ತೇವದ ಪಾಲು

ಗಾಜಿನ ಪೆಟ್ಟಿಗೆಯ ಮುಚ್ಚಳವನ್ನು ಬಾಳೇಶ ಒಂದು ಬೆರಳಷ್ಟು ಸರಿಸಿ, ಕಿಟಕಿ ತೆರೆದ. ಹೊರಗೆ ಚಿಕ್ಕೋಡಿಯ ಮೇಲೆ ಮುಂಗಾರು ಜಡಿಯುತ್ತಿತ್ತು. ಒದ್ದೆ ಗಾಳಿ ಕಾಲೇಜಿನ ಪ್ರಯೋಗಾಲಯಕ್ಕೆ ನುಗ್ಗಿತು.

ಪೆಟ್ಟಿಗೆಯಲ್ಲಿದ್ದವು ಯಾಸ್ಮಿನಳ ಹೊಸ ಸೌರಕೋಶಗಳು. ಕೆಳಗೆ ಸಿಲಿಕಾನ್, ಮೇಲೆ ಪೆರೋವ್‌ಸ್ಕೈಟ್‌ ಎಂಬ ಹರಳಿನ ತೆಳುಪದರ. ಒಂದಕ್ಕೆ ದಕ್ಕದ ಬೆಳಕನ್ನು ಇನ್ನೊಂದು ಹಿಡಿಯುವ ಜೋಡಿ. ಆ ಮೇಲಿನ ಪದರಕ್ಕೆ ತೇವವೆಂದರೆ ವಿಷ. ಅವಳ ಪಿಎಚ್‌.ಡಿ. ಈ ಕೋಶಗಳ ಮೇಲೆಯೇ ನಿಂತಿತ್ತು.

ಇಬ್ಬರೂ ಮಾಯಾ ಮೇಡಂ ಕೈಕೆಳಗೆ ಒಟ್ಟಿಗೇ ಸಂಶೋಧನೆಗೆ ಸೇರಿದವರು. ಬಾಳೇಶನ ಕೋಶಗಳು ವಾರ ತುಂಬುವುದರೊಳಗೆ ಹಳದಿಗಟ್ಟಿ ಸಾಯುತ್ತಿದ್ದವು. ಅವಳವು ತಿಂಗಳುಗಟ್ಟಲೆ ಬಿಸಿಲು ಉಂಡರೂ ಜಗ್ಗುತ್ತಿರಲಿಲ್ಲ. ಅತಿಥಿಗಳು ಬಂದರೆ ಮೇಡಂ ನೇರ ಅವಳ ಮೇಜಿಗೇ ಕರೆದೊಯ್ಯುತ್ತಿದ್ದರು. ಬಾಳೇಶ ಕುರ್ಚಿ ಸರಿಸಿ ದಾರಿ ಬಿಡಬೇಕಿತ್ತು.

ಬಕ್ರೀದ್‌ಗೆಂದು ಅಥಣಿಗೆ ಹೊರಟಾಗ ಯಾಸ್ಮಿನ ಹೇಳಿದ್ದಳು: “ಬಾಳೇಶ, ನನ್ನ ಪೆಟಗಿ ಮ್ಯಾಲ ಒಂದ್ ಕಣ್ಣಿರಲಿ.”

“ಅದರ ಮ್ಯಾಲ ಐತಿ ತಗೋ ನನ್ನ ಕಣ್ಣು.”

ಕಿಟಕಿ ತೆರೆದ ಆ ದಿನ ಸಂಜೆ ಅವನು ಮುಚ್ಚಳ ಬಿಗಿದು ಮನೆಗೆ ಹೋದ. ಬಹಳ ದಿನಗಳ ಮೇಲೆ ಊಟ ರುಚಿಸಿತು.

ಯಾಸ್ಮಿನ ಮರಳಿದ ಮರುದಿನ ಮೇಡಂ ಅವನನ್ನು ಕರೆಸಿದರು. ಅವಳೂ ಅಲ್ಲೇ ಕೂತಿದ್ದಳು. ಕಣ್ಣು ಕೆಂಪಾಗಿದ್ದವು. ಬಾಳೇಶ ಮುಖದ ಮೇಲೆ ಮರುಕ ತಂದುಕೊಂಡ.

“ಪೆಟಗಿಯೊಳಗ ತೇವ ಹೊಕ್ಕೈತಿ,” ಎಂದರು ಮೇಡಂ. “ತೇವ ಹೀರೋ ನೀಲಿ ಮಣಿ ಎಲ್ಲಾ ಗುಲಾಬಿ ಆಗ್ಯಾವು. ಆದರ ಸೋಜಿಗ ನೋಡು, ಅಷ್ಟ ತೇವಕ್ಕ ಪದರದ ಹರಳು ದೊಡ್ಡವಾಗ್ಯಾವು. ಇಷ್ಟ ಕರೆಂಟ್ ನಮ್ಮಲ್ಲಿ ಯಾವ ಕೋಶಾನೂ ಕೊಟ್ಟಿದ್ದಿಲ್ಲ.”

ಹದವಾದ ತೇವ ಹರಳನ್ನು ಬೆಳೆಸುವುದುಂಟೆಂದು ಬಾಳೇಶನೂ ಓದಿದ್ದ.

“ಯಾಸ್ಮಿನ ಹೆಸರಿಲೆ ಪ್ರಬಂಧ ಕಳಸೂಣು ಅಂತ ಮಾಡೀನಿ. ಮುಚ್ಚಳಾ ಸಡ್ಲ ಬಿಟ್ಟಾಕಿ ಆಕಿನ ಇರಬೇಕು.”

“ನನಗ ನೆನಪಿಲ್ರಿ ಮೇಡಂ,” ಎಂದಳು ಯಾಸ್ಮಿನ, ತಲೆ ಎತ್ತದೆ.

ಮತ್ತೆ ಅವಳೇ! ತನ್ನ ಕೈಯಿಂದ ಆದದ್ದೂ ಅವಳಿಗೇ! ಬಾಳೇಶನಿಗೆ ತಡೆಯಲಾಗಲಿಲ್ಲ.

“ಆಕಿ ಅಲ್ರಿ! ಮುಚ್ಚಳಾ ತಗದಾಂವ ನಾನು. ಕಿಟಕಿ ತಗದಾಂವನೂ ನಾನ. ಎಷ್ಟ ತೇವ ಹೋಗಬೇಕು ಅಂತ ಎಲ್ಲಾ ವಿಚಾರ ಮಾಡೇ ತಗದೇನ್ರಿ.”

“ಬೇಕಂತನ?”

“ಹೌದ್ರಿ, ಬೇಕಂತನ. ಪ್ರಬಂಧದಾಗ ಮೊದಲ ಹೆಸರು ನಂದ ಬರಬೇಕು.”

ಯಾಸ್ಮಿನ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಳು. ಮೇಡಂ ಎದ್ದು ಹೋಗಿ ಬಾಗಿಲು ಹಾಕಿ ಬಂದರು.

“ಎಲ್ಲಾ ಕೋಶ ಸತ್ತಾವ ಬಾಳೇಶ,” ಎಂದರು. “ಯಾರು ಕೊಂದ್ರು ಅನ್ನೋದಷ್ಟ ನಮಗ ಗೊತ್ತಾಗಬೇಕಿತ್ತು.”