ಗೂಟದಲ್ಲಿ ಉಳಿದ ಹಗ್ಗ

"ಹೆಣ ಎಲ್ಲೈತ್ರಿ ಅಕ್ಕಾರ?" ಎಂದು ಪಂಚನಾಮೆ ಬರೆಯಲು ಬಂದ ಗ್ರಾಮ ಲೆಕ್ಕಿಗ, ತಲಾಟಿ, ಕೇಳಿದಾಗ, ಜಿನಮತಿ ಗೂಟದಲ್ಲಿ ಉಳಿದಿದ್ದ ಹಗ್ಗದ ತುಂಡನ್ನು ತೋರಿಸಿದಳು. ತೊಂಬತ್ನಾಲ್ಕರ ಮಹಾಪೂರ ಇಳಿದು, ಹೊಳೆದಂಡೆಯ ಊರು ಜುಗೂಳದ ಅಂಗಳಗಳು ಇನ್ನೂ ಒಣಗಿರಲಿಲ್ಲ. "ನೀರು ಕೊಟ್ಟಿಗಿ ಹೊಕ್ಕಾಗ ಗಂಟ ಬಿಚ್ಚಾಕ ಆಗಲಿಲ್ರಿ. ನಾನ ಕುಡಗೋಲ ತಗೊಂಡು ಹಗ್ಗಾ ಕೊಯ್ದೆ. ಎಮ್ಮಿ ಈಸಿ ಬದುಕಲಿ ಅಂತ."

"ಅಲ್ಲೇ ತಪ್ಪಿದ್ದು ನೋಡ್ರಿ. ಬಾಜೂ ಮನಿ ಮಾಯಪ್ಪನ ಎಮ್ಮಿ ಕಟ್ಟಿದಲ್ಲೇ ಸತ್ತೈತಿ, ಅವಂಗ ಸರಕಾರದ ಪರಿಹಾರ ಬರತೈತಿ. ಹೆಣ ನೋಡದ ನಾ ಹೆಂಗ ಬರೀಲಿ?"

"ನಮ್ಮಾಕಿ ಪುಣ್ಯಾ ಗಳಿಸ್ಯಾಳ್ರಿ," ಎಂದ ಗಂಡ ಶ್ರೀಪಾಲ. "ಇನ್ನ ಮುಂಜಾನಿ ಸಂಜೀಕ ಅದನ್ನ ಹಿಂಡಕೋತ ಕುಂಡರ್ತಾಳ."

ಆ ಒಂದು ಎಮ್ಮೆಯ ಹಾಲಿನಿಂದಲೇ ಮನೆ ನಡೆಯುತ್ತಿತ್ತು. ಪರಿಹಾರ ಬರದಿದ್ದರೆ ಇನ್ನೊಂದನ್ನು ತರುವ ದಾರಿಯೇ ಇರಲಿಲ್ಲ. ತಲಾಟಿ ಚೀಲವನ್ನು ಹೆಗಲಿಗೇರಿಸಿಕೊಂಡು ಮೆಲ್ಲಗೆ ಹೇಳಿದ: "ಶನಿವಾರದೊಳಗ ಹೊಳಿ ದಂಡ್ಯಾಗ ಎಲ್ಲ್ಯರ ಹೆಣ ಸಿಕ್ರ ಹೇಳಿ ಕಳಸ್ರಿ, ಬರ್ತೇನಿ."

ಇಷ್ಟು ದಿನವೂ ಜಿನಮತಿ ಬಸದಿಯಲ್ಲಿ ಕೈಮುಗಿದು ಬೇಡಿಕೊಂಡದ್ದು ಒಂದೇ. ತನ್ನ ಎಮ್ಮೆ ಕೆಳಗಿನ ಯಾವುದೋ ಊರಿನಲ್ಲಿ ದಡ ಹತ್ತಿರಲಿ, ಯಾರದೋ ಕೊಟ್ಟಿಗೆಯಲ್ಲಾದರೂ ನಿಂತು ಮೇವು ತಿನ್ನುತ್ತಿರಲಿ ಎಂದು. ಈಗ ಅವಳು ಹೊಳೆಯ ದಂಡೆಗೆ ಬಂದು, ಬಿಸಿಲಿಗೆ ಅಂಗೈ ಅಡ್ಡ ಹಿಡಿದು, ಹದ್ದುಗಳು ಎಲ್ಲಿ ಸುತ್ತುತ್ತಿವೆಯೆಂದು ಆಕಾಶದಲ್ಲಿ ಹುಡುಕತೊಡಗಿದಳು.